ಕರೆಂಟು ತಿನ್ನದ ಹ್ಯಾಟು

ನಮ್ಮ ಚಿಕ್ಕಪ್ಪನ ಹ್ಯಾಟನ್ನು ಕರೆಂಟು ತಿಂದಿತು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೀಗೇ ಹೇಳುತ್ತಾರೆ. ಶಾಮಣ್ಣ ಇಂಟರ್‌ನೆಟ್ಟಿನ ಹರಾಜಿನಲ್ಲಿ ಒಂದು ಹಳೇ ಹ್ಯಾಟಿಗೆ ಕೂಗುತ್ತಿದ್ದರಂತೆ, ಇನ್ನೇನು ಅದು ಅವರದಾಗಬೇಕು, ಅಷ್ಟರಲ್ಲಿ ಪಟ್ಟಂತ ಕರೆಂಟು ಹೋಯಿತಂತೆ, ಬರುವಷ್ಟರಲ್ಲಿ ಹ್ಯಾಟು ಬೇರೆ ಯಾರದೋ ತಲೆ ಸೇರಿತ್ತಂತೆ. ಕೇಳಿದವರು "ಅಯ್ಯೋ ಪಾಪ" ಅನ್ನುತ್ತಾರೆ. ಆಮೇಲೆ ಕರೆಂಟನ್ನು ಬೈಯುತ್ತಾರೆ. ಅಲ್ಲಿಂದ ಮಾತು ನಲ್ಲಿನೀರಿಗೆ, ನಲ್ಲಿನೀರಿನಿಂದ ಮೋರಿಗೆ ಹರಿದು ಹೋಗುತ್ತದೆ.

ಕಥೆ ಚೆನ್ನಾಗಿದೆ. ನಿಜವಲ್ಲ, ಅಷ್ಟೆ.

ಕರೆಂಟು ಹೋದದ್ದು ಹೌದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸೈಬರ್ ಸೆಂಟರಿನಲ್ಲಿ ಯುಪಿಎಸ್ ಇತ್ತು. ಫ್ಯಾನು ನಿಂತಿತು, ಟ್ಯೂಬ್‌ಲೈಟು ಆರಿತು, ಕಂಪ್ಯೂಟರು ಮಾತ್ರ ಒಂದು ರೆಪ್ಪೆಯನ್ನೂ ಬಡಿಯದೆ ಹ್ಯಾಟನ್ನು ತೋರಿಸುತ್ತಲೇ ಇತ್ತು. ಚಿಕ್ಕಪ್ಪನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನೇ ಕೂತಿದ್ದೆ. ನಾನು ಕಣ್ಣಾರೆ ಕಂಡ ಸಾಕ್ಷಿ, ಆದರೆ ನನ್ನ ಸಾಕ್ಷ್ಯಕ್ಕೆ ನಮ್ಮ ಮನೆಯಲ್ಲಿ ಬೆಲೆಯಿಲ್ಲ. ನಾನು ಬಾಯಿ ತೆರೆದರೆ ಸಾಕು, "ಇವಳಿಗೆ ಉಪ್ಪಿಟ್ಟು ಬಡಿಸಿದ್ರೂ ವಿರೋಧ ಪಕ್ಷದಲ್ಲಿ ಕೂತ್ಕೊಂಡೇ ತಿಂತಾಳೆ" ಎಂದು ಅಪ್ಪ ಎಲ್ಲರನ್ನೂ ನಗಿಸಿ ಮಾತು ಮುಗಿಸಿಬಿಡುತ್ತಾರೆ.

ಅಪ್ಪನ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಹೈಸ್ಕೂಲಿನಿಂದಲೂ ನಾನು ಚರ್ಚಾಸ್ಪರ್ಧೆಯ ಹುಳ. ಬೆಳಿಗ್ಗೆ ರಾಜಾಜಿನಗರದ ಒಂದು ವೇದಿಕೆಯಲ್ಲಿ ಹಳ್ಳಿಯ ಬದುಕೇ ಮೇಲೆಂದು ಸಾಧಿಸಿ, ಮಧ್ಯಾಹ್ನ ವಿಜಯನಗರದ ಇನ್ನೊಂದರಲ್ಲಿ ಪಟ್ಟಣದ ಬದುಕೇ ಮೇಲೆಂದು ಮೇಜು ಕುಟ್ಟಿ, ಎರಡೂ ಕಡೆ ಸ್ಟೀಲ್ ಲೋಟ ಗೆದ್ದು ತಂದವಳು. ನಮ್ಮ ಮನೆಯಲ್ಲಿ ಈಗಲೂ ನೀರು ಕುಡಿಯುವುದು ಆ ಲೋಟಗಳಲ್ಲೇ. ಯಾವುದು ಹಳ್ಳಿಯ ಲೋಟ, ಯಾವುದು ಪಟ್ಟಣದ್ದು ಅಂತ ಮರೆತುಹೋಗಿದೆ. ನೀರು ಎರಡರಲ್ಲೂ ಒಂದೇ ರುಚಿ.

ಈಗ ಇದೆಲ್ಲ ನೆನಪಾಗುವುದಕ್ಕೆ ಕಾರಣ, ಹೋದ ಭಾನುವಾರ ರಾಜರಾಜೇಶ್ವರಿನಗರದಲ್ಲಿ ನಡೆದ ಒಂದು ನಾಮಕರಣ. ಊಟದ ಪಂಕ್ತಿಯಲ್ಲಿ ಯಾರೋ "ಶಾಮಣ್ಣ, ಆ ಹ್ಯಾಟಿನ ಕಥೆ ಹೇಳಿ, ನಮ್ಮ ಅಳಿಯಂದ್ರು ಕೇಳಿಲ್ಲ" ಅಂದರು. ಚಿಕ್ಕಪ್ಪ ಸಾರನ್ನ ಕಲಸುತ್ತಲೇ ಶುರು ಮಾಡಿದರು. "ಹ್ಯಾಟು ಕೈಗೆ ಬಂದೇಬಿಡ್ತು ಅನ್ನಿ. ಹಿಂಗೆ ಬೆರಳು ಇಟ್ಟಿದೀನಿ. ಟಪ್! ಕತ್ತಲೆ!" ಎಡಗೈಯಲ್ಲಿ ಕತ್ತಲೆಯನ್ನೂ ಮಾಡಿ ತೋರಿಸಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಎರಡು ಎಲೆ ಆಚೆ ಹೋಳಿಗೆ ಮುರಿಯುತ್ತಾ ಕೂತಿದ್ದೆ. ನಗು ಮುಗಿಯುವ ಹೊತ್ತಿಗೆ ಅವರು ಒಮ್ಮೆ ನನ್ನ ಕಡೆ ನೋಡಿದರು, ನೋಡಿದವರೇ ಸರಕ್ಕನೆ ಎಲೆಯ ಕಡೆ ಬಗ್ಗಿದರು. ಆಣೆ ಮಾಡಿ ಹೇಳುತ್ತೇನೆ, ಆ ಹೊತ್ತಿಗೆ ಅವರ ಎಲೆಯಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ.

ಹ್ಯಾಟಿನ ವಿಚಾರ ಮೊದಲಿನಿಂದ ಹೇಳಬೇಕು. ಚಿಕ್ಕಪ್ಪನಿಗೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಅದು ಹೊಟ್ಟೆಗೆ. ಉಳಿದಂತೆ ಅವರು ಆರ್ಕೆಸ್ಟ್ರಾ ಹಾಡುಗಾರ. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ಅವರು ಮನೆಯಲ್ಲಿ ಊಟ ಮಾಡಿದ್ದೇ ಕಡಿಮೆ. ಅವರ ತಂಡದಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ ಹಿರಿಯರೊಬ್ಬರು ಊರು ಬಿಟ್ಟು ಮಗಳ ಮನೆಗೆ ಹೋಗುವಾಗ, "ನನ್ನ ತಲೆ ಇನ್ನು ಯಾರು ನೋಡ್ಬೇಕು, ನೀನು ಇಟ್ಕೊ" ಅಂತ ತಮ್ಮ ಹ್ಯಾಟನ್ನು ಇವರ ತಲೆಗಿಟ್ಟು ಹೋದರು. ಬೂದು ಬಣ್ಣದ ಫೆಲ್ಟ್ ಹ್ಯಾಟು. ಸುತ್ತ ಕಪ್ಪು ರೇಷ್ಮೆಯ ಪಟ್ಟಿ. ಒಳಗಡೆ ಬೆವರು ಕುಡಿದು ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿದ ತೊಗಲು. ಮೂಗಿಗೆ ಹಿಡಿದರೆ ಕೊಬ್ಬರಿ ಎಣ್ಣೆ, ಬೆವರು, ಸ್ವಲ್ಪ ಕರ್ಪೂರ.

ಕರ್ಪೂರ ಎಲ್ಲಿಂದ ಬಂತು ಅನ್ನುತ್ತೀರಾ? ಒಂದು ಗಣೇಶನ ಹಬ್ಬದಲ್ಲಿ ಹಾಡಲು ಸ್ಟೇಜು ಹತ್ತುವ ಮುಂಚೆ ಚಿಕ್ಕಪ್ಪ ಹ್ಯಾಟು ತೆಗೆಯುವುದನ್ನು ಮರೆತು ಮಂಗಳಾರತಿಗೆ ಬಗ್ಗಿದರು. ಕರ್ಪೂರದ ಉರಿ ಹ್ಯಾಟಿನ ಅಂಚನ್ನು ನೆಕ್ಕಿತು. ಹುರುಳಿಕಾಳಿನಷ್ಟು ಕರಿ ಕಲೆ, ಎಡಗಡೆ ಮುಂದಕ್ಕೆ. "ತಲೆ ಮೇಲೆ ಹ್ಯಾಟ್ ಇಟ್ಕೊಂಡು ಆರತಿ ತಗೊಂಡ್ರೆ ಇನ್ನೇನಾಗುತ್ತೆ? ಗಣಪತಿ ಕಿವಿ ಹಿಂಡವ್ನೆ" ಅಂದರು ಚಿಕ್ಕಮ್ಮ. ಅಂದಿನಿಂದ ಆ ಕಲೆಯನ್ನು ಚಿಕ್ಕಪ್ಪ ದೇವರ ರುಜು ಎಂದು ಎಲ್ಲರಿಗೂ ತೋರಿಸತೊಡಗಿದರು.

ಕಾರ್ಯಕ್ರಮದ ಕೊನೆಯ ಹಾಡಿನಲ್ಲಿ ಅವರದೊಂದು ಪದ್ಧತಿ ಇತ್ತು. ಚರಣ ಮುಗಿಸಿ ಪಲ್ಲವಿಗೆ ಬರುವಾಗ ಹ್ಯಾಟು ತೆಗೆದು ಜನರ ಮಧ್ಯೆ ಎಸೆದುಬಿಡುವುದು. ಎಸೆದ ಹ್ಯಾಟು ಕೈಯಿಂದ ಕೈಗೆ, ತಲೆಯಿಂದ ತಲೆಗೆ ಸುತ್ತಿ, ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ ಸ್ಟೇಜಿಗೆ ವಾಪಸ್ಸು ಬರಬೇಕು. ಬರುತ್ತಿತ್ತು! ಅದೇ ಆಶ್ಚರ್ಯ. ಒಂದು ಸಲ ಅದರೊಳಗೆ ಸೇವಂತಿಗೆ ಹೂವು, ಇನ್ನೊಂದು ಸಲ ಒಂದು ಹಿಡಿ ಕಡ್ಲೆಕಾಯಿ. ಜಮಖಾನದ ಮುಂದಿನ ಸಾಲಿನಲ್ಲಿ ಚಿಕ್ಕಮ್ಮನ ಮಡಿಲಿಗೆ ಒರಗಿ ಕೂತ ನನ್ನ ತಲೆಯ ಮೇಲೂ ಅದು ಒಂದು ಗಳಿಗೆ ಕೂತು ಹೋಗುತ್ತಿತ್ತು. ಕಣ್ಣು ಮೂಗು ಮುಚ್ಚಿಹೋಗಿ ಕತ್ತಲು, ಎಣ್ಣೆ ವಾಸನೆ, ಹೊರಗೆ ಚಿಕ್ಕಪ್ಪನ ದನಿ. ಅಷ್ಟು ಚೆನ್ನಾದ ಕತ್ತಲೆಯನ್ನು ನಾನು ಆಮೇಲೆ ನೋಡಿಲ್ಲ.

ಕುರುಬರಹಳ್ಳಿಯ ಒಂದು ಗಣೇಶೋತ್ಸವದಲ್ಲಿ ಹ್ಯಾಟು ವಾಪಸ್ಸು ಬರಲಿಲ್ಲ.

ಹಿಂದಿನ ಸಾಲುಗಳ ಕಡೆ, ಮುಸುಕಿನ ಜೋಳದ ಗಾಡಿಯ ತನಕ ಹೋದದ್ದನ್ನು ಎಲ್ಲರೂ ನೋಡಿದ್ದರು. ಚಿಕ್ಕಪ್ಪ ಪಲ್ಲವಿ ಹಾಡಿದರು, ಮತ್ತೆ ಹಾಡಿದರು. ಕೀಬೋರ್ಡಿನವನು ಕಣ್ಣಲ್ಲೇ ಸಾಕು ಎಂದ. ಇವರು ಮತ್ತೆ ಪಲ್ಲವಿ ಎತ್ತಿದರು. ಜನ ಎದ್ದು ಚಪ್ಪಲಿ ಹುಡುಕತೊಡಗಿದರೂ ಬಿಡಲಿಲ್ಲ. ಕೊನೆಗೆ ಹಾಡು ನಿಲ್ಲಿಸಿ ಮೈಕಿನಲ್ಲಿ, "ಹ್ಯಾಟ್ ಯಾರ ಹತ್ರ ಇದೆಯೋ ದಯವಿಟ್ಟು ಸ್ಟೇಜ್ ಹತ್ರ ತಲುಪಿಸಿ" ಎಂದರು. ಕಳೆದುಹೋದ ಮಗುವಿನ ಬಗ್ಗೆ ಹೇಳುವ ದನಿಯಲ್ಲಿ.

ಅದೇ ಕೊನೆ. ಆಮೇಲೆ ಅವರು ಹಾಡಲಿಲ್ಲ. ಕೇಳಿದವರಿಗೆಲ್ಲ ಗಂಟಲು ಸರಿಯಿಲ್ಲ ಎಂದರು. ನನಗೆ ಆಗಲೇ ಅನುಮಾನದ ಕಾಯಿಲೆ. ಚಪ್ಪಲಿ ಕಾಣದಿದ್ದರೆ ಮೂರು ಮನೆ ಆಚೆಗೆ ಕೇಳುವ ಹಾಗೆ ಕೂಗುವ ಮನುಷ್ಯನಿಗೆ ಗಂಟಲಿನ ಯಾವ ಭಾಗ ಸರಿಯಿಲ್ಲ? ಹಾಲ್‌ನಲ್ಲಿ ಹ್ಯಾಟು ತೂಗುತ್ತಿದ್ದ ಮೊಳೆಗೆ ಚಿಕ್ಕಮ್ಮ ಕ್ಯಾಲೆಂಡರ್ ತಗುಲಿಹಾಕಿದರು. "ಬರೀ ಮೊಳೆ ನೋಡಕ್ಕಾಗಲ್ಲ ಕಣೇ" ಅಂದರು.

ಹಾಡು ಬಿಟ್ಟರೂ ಮೈಕು ಬಿಡಲಿಲ್ಲ, ಅಥವಾ ಬೀದಿಯವರು ಬಿಡಲು ಬಿಡಲಿಲ್ಲ. ನಮ್ಮ ಬೀದಿಯ ಗಣೇಶನನ್ನು ಬಿಡುವ ಮುಂಚೆ ಅವನ ಮುಂದಿಟ್ಟ ಲಾಡು, ತೆಂಗಿನಕಾಯಿ, ಹಣ್ಣು, ಉಡಿಸಿದ ಶಲ್ಯ ಎಲ್ಲವನ್ನೂ ಹರಾಜು ಹಾಕುತ್ತಾರೆ. ಬಂದ ಹಣ ಮುಂದಿನ ವರ್ಷದ ಪೆಂಡಾಲಿಗೆ. ಹರಾಜು ಕೂಗುವ ಕೆಲಸ ಚಿಕ್ಕಪ್ಪನ ಪಾಲಿಗೆ ಬಂತು. ನೀವು ಅದನ್ನು ನೋಡಬೇಕಿತ್ತು. ಜಂಬಕ್ಕೆ ಕೂಗುವ ಸೈಟಿನ ದಲ್ಲಾಳಿ ಬಂದರೆ "ಒಂದು... ಸಾರೀ..." ಎಂದು ರಾಗ ಎಳೆದು, ನೀರು ಕುಡಿದು, ಟವೆಲಿನಲ್ಲಿ ಮುಖ ಒರೆಸಿ, ಸುತ್ತ ನೋಡಿ, ಇನ್ನಿಬ್ಬರನ್ನು ಕೆಣಕಿ, ಅವನ ಜೇಬು ಹಗುರ ಮಾಡಿಯೇ ಎರಡನೇ ಸಾರಿಗೆ ಬರುತ್ತಿದ್ದರು. ಅದೇ, ಯಾರೋ ಸಂಕಟದಲ್ಲಿರುವವರು ಹರಕೆ ಹೊತ್ತು, ನಾಚುತ್ತಾ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಕೂಗಿದರೆ, "ಒಂದ್ಸಾರಿ ಎರಡ್ಸಾರಿ ಮೂರ್ಸಾರಿ!" ಒಂದೇ ಉಸಿರು. ಮುಗಿಯಿತು. ಮೇಲೆ ಕೂಗಬೇಕೆಂದಿದ್ದವರ ಬಾಯಿ ತೆರೆದಂತೆಯೇ ಉಳಿಯುತ್ತಿತ್ತು.

ಒಂದು ವರ್ಷ ಮೂಲೆಮನೆಯ ಟೈಲರ್ ದಂಪತಿಗೆ ತೆಂಗಿನಕಾಯಿಯನ್ನು ಹೀಗೇ ಕೊಟ್ಟರು. ಅವರಿಗೆ ಮಕ್ಕಳಿರಲಿಲ್ಲ. ಗಣೇಶನ ಮುಂದಿನ ಕಾಯಿ ಅಂಥವರಿಗೆ ಒಳ್ಳೆಯದು ಎಂದು ನಮ್ಮ ಕಡೆ ನಂಬಿಕೆ. ನನಗೆ ಆಗ ಪಿಯುಸಿ. ನ್ಯಾಯ ಅನ್ನುವುದು ಮೊಡವೆಯ ಹಾಗೆ ಮುಖದ ತುಂಬ ಎದ್ದಿದ್ದ ವಯಸ್ಸು.

"ಚಿಕ್ಕಪ್ಪ, ಇದು ಮೋಸ."

"ಯಾವುದು, ಲಾಯರಮ್ಮ?"

"ಹಿಂದಿನ ಬೀದಿ ಆಂಟಿ ಇನ್ನೂ ಜಾಸ್ತಿ ಕೂಗೋರಿದ್ರು. ನೀವು ಟೈಮೇ ಕೊಡ್ಲಿಲ್ಲ. ಹರಾಜು ಅಂದ್ಮೇಲೆ ಎಲ್ಲರಿಗೂ ಒಂದೇ ಅಳತೆ ಇರ್ಬೇಕು."

"ಆ ಆಂಟಿಗೆ ನಾಲ್ಕು ಮಕ್ಳು. ಇನ್ನೊಂದು ಕಾಯಿ ಕೊಟ್ಟಿದ್ರೆ ಅವ್ರ ಯಜಮಾನ್ರು ನನ್ ಮನೆ ಮುಂದೆ ಬಂದು ಅಳ್ತಿದ್ರು."

"ಜೋಕ್ ಬೇಡ. ಕೂಗೋರ ಮುಖ ನೋಡಿ ಹರಾಜು ಮುಗಿಸೋದು ಪಕ್ಷಪಾತ."

"ಮುಖ ನೋಡ್ದೆ ಮುಗಿಸೋದು ಏನು?"

ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು, "ನ್ಯಾಯ" ಅಂತ. ಅಂದೆ ಕೂಡ. ಅವರು ಪ್ರಸಾದದ ಕಡ್ಲೆಕಾಳನ್ನು ನನ್ನ ಅಂಗೈಗೆ ಸುರಿದು, "ತಿನ್ನು, ಬಾಯಿಗೆ ಕೆಲ್ಸ ಕೊಡು" ಅಂದರು.

ಅದಾಗಿ ಕೆಲವು ವರ್ಷಕ್ಕೆ ನಮ್ಮ ಬೀದಿಯ ತುದಿಯಲ್ಲಿ ಗದಗದ ಕಡೆಯ ಬಸವರಾಜ ಸೈಬರ್ ಸೆಂಟರ್ ತೆರೆದ. ನಾನು ಚರ್ಚೆಗೆ ಸಾಮಗ್ರಿ ಹುಡುಕಲು ಹೋಗುತ್ತಿದ್ದೆ. ಒಂದು ದಿನ ಮನೆ ಬೀಗದಕೈ ಇಸಕೊಂಡು ಹೋಗಲು ಬಂದ ಚಿಕ್ಕಪ್ಪ, ನನ್ನ ಪರದೆಯ ಮೂಲೆಯಲ್ಲಿ ಒಂದು ಹರಾಜಿನ ಜಾಹೀರಾತು ನೋಡಿ ಅಲ್ಲೇ ನಿಂತರು.

"ಏನಿದು? ಕಂಪ್ಯೂಟರಲ್ಲೂ ಹರಾಜಾ? ಕೂಗೋರು ಯಾರು?"

"ಯಾರೂ ಕೂಗಲ್ಲ. ಗಡಿಯಾರ ಇರುತ್ತೆ. ಟೈಮ್ ಮುಗಿದಾಗ ಯಾರದು ಜಾಸ್ತಿಯೋ ಅವರಿಗೆ ವಸ್ತು. ಯಾರ ಮುಖಾನೂ ಯಾರಿಗೂ ಕಾಣಲ್ಲ. ನಿಮ್ ಹರಾಜಿನ ಥರ ಅಲ್ಲ, ಪಕ್ಕಾ ನ್ಯಾಯ."

"ಹಳೇ ಹ್ಯಾಟ್ ಇರುತ್ತಾ?" ಅಂದರು ಅವರು.

ಇತ್ತು. ಜಗತ್ತಿನಲ್ಲಿ ಇಷ್ಟೊಂದು ಹಳೇ ಹ್ಯಾಟುಗಳು ಇವೆಯೆಂದು ನನಗೂ ಗೊತ್ತಿರಲಿಲ್ಲ. ಸತ್ತವರ ಹ್ಯಾಟು, ನಾಟಕ ಕಂಪನಿಗಳ ಹ್ಯಾಟು, ಬಂಗಲೆ ಖಾಲಿ ಮಾಡುವಾಗ ಅಟ್ಟದಿಂದ ಬಿದ್ದ ಹ್ಯಾಟು. ಅಂದಿನಿಂದ ಭಾನುವಾರ ಮಧ್ಯಾಹ್ನದ ಊಟ ಆದ ಕೂಡಲೆ ಚಿಕ್ಕಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸೈಬರ್ ಸೆಂಟರಿಗೆ ಹೊರಡುವುದು, ಬಸವರಾಜ "ಬರ್ರಿ ಕಾಕಾ, ಇವತ್ತ ಯಾವ ಟೊಪ್ಪಿಗಿ?" ಎನ್ನುವುದು, ಟೈಪು ಮಾಡಲು ನಾನು ಪಕ್ಕದಲ್ಲಿ ಕೂರುವುದು ವಾಡಿಕೆಯಾಯಿತು.

ಮೊದಲು ಗೆದ್ದ ಹ್ಯಾಟು ಪೆಟ್ಟಿಗೆ ಬಿಚ್ಚಿ ನೋಡಿದರೆ ಹೆಂಗಸರದು. ಫೋಟೋದಲ್ಲಿ ಹೂವು ಹಿಂಭಾಗಕ್ಕೆ ಇದ್ದದ್ದು ನಮಗೆ ಕಂಡಿರಲಿಲ್ಲ. ಚಿಕ್ಕಪ್ಪ ಅದನ್ನಿಟ್ಟುಕೊಂಡು ಕನ್ನಡಿ ಮುಂದೆ ನಿಂತಾಗ ಚಿಕ್ಕಮ್ಮ ಉಸಿರು ಕಟ್ಟುವ ಹಾಗೆ ನಕ್ಕು, ಅದನ್ನು ಕಿತ್ತುಕೊಂಡು ತಾವೇ ಇಟ್ಟುಕೊಂಡರು. ಈಗಲೂ ಮಾಳಿಗೆಯಲ್ಲಿ ಸಂಡಿಗೆ ಹಾಕುವಾಗ ಅದೇ ಅವರ ಕೊಡೆ. ಇನ್ನೊಂದು ಬಂತು, ಅಳತೆಯ ಲೆಕ್ಕ ನಮಗೆ ತಿಳಿಯದೆ ತರಿಸಿದ್ದು. ಅದು ಸರಿಯಾಗಿ ಕೂತದ್ದು ದೇವರಮನೆಯ ಕಳಶದ ಕಾಯಿಯ ಮೇಲೆ. ಮತ್ತೊಂದು ಬೇಟೆಯವರು ಹಾಕುವಂಥ ಬಿಳಿ ಗಟ್ಟಿ ಹ್ಯಾಟು. ಸಂಡಿಗೆಗೆ ಬರುವ ಕಾಗೆ ಹೆದರಿಸಲು ಅದನ್ನು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದೆವು. ಕಾಗೆ ಬಂದು ಅದರ ಮೇಲೇ ಕೂತು, ಅಲ್ಲಿಂದ ಸಂಡಿಗೆ ಆರಿಸಿಕೊಂಡಿತು.

"ನಿಮ್ ಚಿಕ್ಕಪ್ಪಂಗೆ ಹ್ಯಾಟ್ ಹುಚ್ಚು" ಅಂತ ಬೀದಿಯವರು ಅನ್ನುತ್ತಿದ್ದರು. ಇದಕ್ಕೂ ನನ್ನ ವಿರೋಧವಿದೆ. ಹುಚ್ಚಿದ್ದವರು ಬಂದದ್ದನ್ನು ಇಟ್ಟುಕೊಳ್ಳುತ್ತಾರೆ. ಇವರು ಪ್ರತಿಯೊಂದನ್ನೂ ಎರಡು ಕೈಯಲ್ಲಿ ಎತ್ತಿ, ಎಡಗಡೆ ಅಂಚನ್ನು ಬೆರಳಲ್ಲಿ ಸವರಿ, ಪಕ್ಕಕ್ಕಿಡುತ್ತಿದ್ದರು. ಮೊಳೆಗೆ ಒಂದನ್ನೂ ತಗುಲಿಹಾಕಲಿಲ್ಲ.

ಆ ವರ್ಷ ಗಣೇಶನ ಹಬ್ಬಕ್ಕೆ ಇನ್ನೂ ತಿಂಗಳೊಪ್ಪತ್ತು ಇರುವಾಗ ಪುಣೆಯ ಕಡೆಯವರು ಯಾರೋ ಒಂದು ಬೂದು ಫೆಲ್ಟ್ ಹ್ಯಾಟನ್ನು ಹರಾಜಿಗೆ ಹಾಕಿದರು. ಕಪ್ಪು ಪಟ್ಟಿ. ಅಂಚಿನಲ್ಲಿ ಸಣ್ಣ ಸುಟ್ಟ ಕಲೆ ಇದೆ, ನೋಡಿ ಕೊಳ್ಳಿ ಎಂದು ಕೆಳಗೆ ಬರೆದಿದ್ದರು. ಫೋಟೋ ದೊಡ್ಡದು ಮಾಡಿದೆ. ಎಡಗಡೆ ಮುಂದಕ್ಕೆ, ಹುರುಳಿಕಾಳಿನಷ್ಟು.

ಚಿಕ್ಕಪ್ಪ ಪರದೆಯ ಮೇಲೆಯೇ ಆ ಕಲೆಯನ್ನು ಬೆರಳಲ್ಲಿ ಸವರಿದರು. ನಾನು ಸುಮ್ಮನಿರಬೇಕಲ್ಲ? "ಹ್ಯಾಟ್ ಹಾಕೋರೆಲ್ಲ ಸಿಗರೇಟ್ ಸೇದ್ತಿದ್ರು ಚಿಕ್ಕಪ್ಪ. ಅರ್ಧಕ್ಕರ್ಧ ಹ್ಯಾಟಿಗೆ ಇಂಥ ಕಲೆ ಇರುತ್ತೆ. ಕುರುಬರಹಳ್ಳೀಲಿ ಕಳೆದಿದ್ದು ಪುಣೆಗೆ ಹೆಂಗೆ ಹೋಗುತ್ತೆ? ಅದಕ್ಕೇನು ಕಾಲಿದ್ಯಾ?"

"ಕಾಲ್ಯಾಕೆ? ಹ್ಯಾಟು ತಲೆ ಮೇಲೆ ಕೂತು ಪ್ರಯಾಣ ಮಾಡುತ್ತೆ" ಅಂದರು. ಬಸವರಾಜ "ಖರೇ ಐತಿ ನೋಡ್ರಿ ಮೇಡಂ" ಎಂದು ತೀರ್ಪು ಕೊಟ್ಟ.

ಆ ಸಂಜೆ ಮನೆಯಲ್ಲಿ ಕಾಫಿ ಕುಡಿಯುತ್ತಾ ಚಿಕ್ಕಪ್ಪ ಯಾರನ್ನೂ ನೋಡದೆ ಅಂದರು: "ಇದು ಬಂದ್ರೆ ಈ ಸಲ ಗಣೇಶನ ಮುಂದೆ ಹಾಡ್ತೀನಿ."

ಚಿಕ್ಕಮ್ಮ ಲೋಟ ಕೆಳಗಿಟ್ಟರು. ಅವರು ಚಿಕ್ಕಪ್ಪನನ್ನು ಮೊದಲು ನೋಡಿದ್ದು ಶ್ರೀರಾಮಪುರದ ಒಂದು ಸ್ಟೇಜಿನ ಮೇಲೆ. "ನಾನು ಮದ್ವೆಯಾಗಿದ್ದು ಹಾಡೋನ್ನ ಕಣೇ. ಸ್ಟೋರ್ಸ್ ಕ್ಲರ್ಕು ಜೊತೆಗೆ ಬಂದಿದ್ದು" ಎಂದು ನನ್ನ ಹತ್ತಿರ ಎಷ್ಟೋ ಸಲ ತಮಾಷೆ ಮಾಡಿದ್ದರು. ಅದರಲ್ಲಿ ತಮಾಷೆ ಎಷ್ಟಿತ್ತು ಎನ್ನುವುದು ನನಗೆ ಆ ಸಂಜೆ ಗೊತ್ತಾಯಿತು. ಮಾರನೆಯ ದಿನವೇ ಗಣೇಶನ ಕಮಿಟಿಯ ಹುಡುಗರಿಗೆ ಹೇಳಿ ಶಾಮಣ್ಣನವರ ಗಾಯನಕ್ಕೆ ಜಾಗ ಕಾದಿರಿಸಿದರು. ಹರಾಜು ಮುಗಿಯುವ ಭಾನುವಾರ ಬೆಳಿಗ್ಗೆ ಮೊಳೆಯಿಂದ ಕ್ಯಾಲೆಂಡರ್ ತೆಗೆದು, ಗೋಡೆಗೆ ಒದ್ದೆ ಬಟ್ಟೆ ಹಿಡಿದರು.

"ಚಿಕ್ಕಮ್ಮ, ಹ್ಯಾಟು ಇವತ್ತೇ ಬರಲ್ಲ. ಗೆದ್ಮೇಲೆ ಬ್ಯಾಂಕಿಂದ ಡಿಡಿ ಕಳಿಸ್ಬೇಕು, ಆಮೇಲೆ ಪಾರ್ಸೆಲ್ ಬರ್ಬೇಕು."

"ಗೊತ್ತು ಕಣೇ. ಆದ್ರೂ ಒರ್ಸಿಟ್ಟಿರ್ತೀನಿ. ಮೊಳೆ ಏನು ಅನ್ನ ಕೇಳುತ್ತಾ?"

ಇನ್ನು ನಿಜವಾಗಿ ನಡೆದದ್ದು. ಮಧ್ಯಾಹ್ನ ನಾವು ಕೂತಾಗ ಹ್ಯಾಟು ಚಿಕ್ಕಪ್ಪನ ಹೆಸರಿನಲ್ಲೇ ಇತ್ತು. ಹರಾಜು ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಎನ್ನುವಾಗ ಬೇರೆ ಯಾರೋ ಬಂದರು. ಚಿಕ್ಕಪ್ಪ ಏರಿಸಿದರು. ತಕ್ಷಣ ಆ ಕಡೆಯಿಂದ ಇವರಿಗಿಂತ ಚೂರೇ ಚೂರು ಜಾಸ್ತಿ. ಇವರು ಮತ್ತೆ ಏರಿಸಿದರು. ಆ ಕಡೆಯಿಂದ ಮತ್ತೆ ಚೂರೇ ಚೂರು. ಹೀಗೆ ಐದಾರು ಸಲ. ಬಸವರಾಜ ಬೇರೆ ಗಿರಾಕಿಗಳನ್ನು ಬಿಟ್ಟು ನಮ್ಮ ಹಿಂದೆ ಬಂದು ನಿಂತ. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ಪರದೆಯ ಬೆಳಕು ಚಿಕ್ಕಪ್ಪನ ಮುಖದ ಮೇಲಷ್ಟೇ ಬಿದ್ದಿತ್ತು. ಅವರು ಪರದೆಯನ್ನು ನೋಡುತ್ತಿದ್ದ ರೀತಿ ನನಗೆ ಗೊತ್ತಿತ್ತು. ಪೆಂಡಾಲಿನಲ್ಲಿ ಮೈಕು ಹಿಡಿದು ಜನರ ಮುಖ ನೋಡುವಾಗ ಹೀಗೇ ನೋಡುತ್ತಿದ್ದರು.

"ಪಾಪ" ಅಂದರು.

"ಯಾರು ಪಾಪ?"

"ಆ ಕಡೆಯೋನು. ನೋಡು, ಹೆಂಗೆ ಸ್ವಲ್ಪ ಸ್ವಲ್ಪವೇ ಏರಿಸ್ತಾ ಇದಾನೆ. ದುಡ್ಡಿರೋನು ಹಿಂಗೆ ಕೂಗಲ್ಲ. ಜೇಬು ಮುಟ್ಟಿ ಮುಟ್ಟಿ ನೋಡ್ಕೊಂಡು ಕೂಗ್ತಾ ಇದಾನೆ. ಆದ್ರೆ ಬಿಡ್ತಾ ಇಲ್ಲ. ಏನೋ ಬೇಕಾಗಿದೆ ಅವನಿಗೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಹರಾಜಿನಲ್ಲಿ ಒಂದು ಸೌಕರ್ಯ ಇತ್ತು. ನಾವು ಇಷ್ಟರ ತನಕ ಹೋಗಬಹುದು ಎಂದು ಮೊದಲೇ ಹೇಳಿಟ್ಟರೆ, ಕಂಪ್ಯೂಟರೇ ನಮ್ಮ ಪರವಾಗಿ, ಎದುರಾಳಿಗಿಂತ ಒಂದು ಚೂರು ಮೇಲೆ, ಎಷ್ಟು ಬೇಕೋ ಅಷ್ಟೇ ಏರಿಸುತ್ತಾ ಹೋಗುತ್ತದೆ. ಚಿಕ್ಕಪ್ಪ ಅದನ್ನು ಎಂದೂ ಬಳಸಿದವರಲ್ಲ. ಹರಾಜು ಅಂದರೆ ಪ್ರತಿ ಸಲವೂ ಬಾಯಿಬಿಟ್ಟು ಕೂಗಬೇಕು ಎನ್ನುವುದು ಅವರ ವಾದ. ಆ ಕಡೆಯವನು ಬಳಸಿದ್ದ.

"ಚಿಕ್ಕಪ್ಪ, ಅಲ್ಲಿ ಯಾರೂ ಜೇಬು ಮುಟ್ಕೊಂಡು ಕೂತಿಲ್ಲ! ಅದು ಮಿಷನ್ನು. ತಾನೇ ಏರಿಸುತ್ತೆ. ಆ ಮನುಷ್ಯ ಮನೇಲಿ ಮಲಗಿ ನಿದ್ದೆ ಮಾಡ್ತಿರಬಹುದು."

"ಮಿಷನ್ನಿಗೆ ಇಷ್ಟರ ತನಕ ಹೋಗು ಅಂತ ಹೇಳಿದ್ದು ಯಾರು?"

"ಅವನೇ."

"ಬೇಕು ಅಂತ ತಾನೇ ಹೇಳಿದ್ದು?"

ಎಷ್ಟೋ ವೇದಿಕೆಗಳಲ್ಲಿ ಎದುರಾಳಿಯ ವಾಕ್ಯ ಮುಗಿಯುವ ಮೊದಲೇ ಉತ್ತರ ಸಿದ್ಧ ಮಾಡಿಕೊಂಡವಳು ನಾನು. ಆಗ ಮಾತ್ರ ಬಾಯಿಗೆ ಬಂದದ್ದು, "ನಿಮ್ ಹ್ಯಾಟು ಚಿಕ್ಕಪ್ಪ, ನಿಮ್ದೇ ಹ್ಯಾಟು" ಎಂಬ ಮಾತು. ಅದೇ ಹ್ಯಾಟಲ್ಲ ಎಂದು ಹಿಂದಿನ ವಾರವಿಡೀ ವಾದಿಸಿದ್ದ ನಾಲಿಗೆಯೇ ಅದು. ಅವರು ನಕ್ಕರು.

"ನೋಡಿದ್ಯಾ, ಲಾಯರಮ್ಮ ಪಾರ್ಟಿ ಬದಲಾಯಿಸಿಬಿಟ್ಲು."

ಮೌಸಿನ ಮೇಲೆ ಅವರ ಅಂಗೈ ಇತ್ತು. ಅದರ ಕೆಳಗೆ ಇಲಿಮರಿ ಸಿಕ್ಕಿಕೊಂಡಿದೆಯೋ ಎಂಬಂತೆ ಮೆತ್ತಗೆ ಮುಚ್ಚಿಕೊಂಡಿದ್ದರು. ಸಮಯ ಇತ್ತು. ಇನ್ನೊಂದು ಸಲ, ಎರಡು ಸಲ ಏರಿಸುವಷ್ಟು ಸಮಯ ಖಂಡಿತ ಇತ್ತು. ಬಸವರಾಜ "ಒತ್ತರಿ ಕಾಕಾ, ಒತ್ತರಿ" ಎಂದು ಅವಸರಿಸಿದ. ಚಿಕ್ಕಪ್ಪ ಪರದೆಯ ಕಡೆಗೆ ಸ್ವಲ್ಪ ಬಗ್ಗಿ, ಮೆಲ್ಲಗೆ, ಒಂದೇ ಉಸಿರಿನಲ್ಲಿ "ಒಂದ್ಸಾರಿ ಎರಡ್ಸಾರಿ ಮೂರ್ಸಾರಿ" ಅಂದರು.

ಗಡಿಯಾರ ಅದಾದ ಮೇಲೂ ಒಂದಷ್ಟು ಹೊತ್ತು ಓಡಿತು. ಅದಕ್ಕೆ ಇವರ ಲೆಕ್ಕ ಗೊತ್ತಿರಲಿಲ್ಲ.

ಮನೆ ಹತ್ತಿರ ಬಂದಾಗ ಚಿಕ್ಕಮ್ಮ ಗೇಟಿನಲ್ಲೇ ನಿಂತಿದ್ದರು. ನಮ್ಮ ಹಿಂದೆಯೇ ಬಂದಿದ್ದ ಬಸವರಾಜ ಕೂಗಿ ಹೇಳಿದ, "ಕರೆಂಟ್ ಹೋತ್ರಿ ಅಮ್ಮಾರ, ಕಾಕಾಂದು ನಸೀಬ ಚಲೋ ಇಲ್ಲ." ಅವನೂ ಎಲ್ಲ ನೋಡಿದವನೇ. ಹೆಂಡತಿಯ ಎದುರಿಗೆ ಗಂಡನ ಮಾನ ಉಳಿಸಲು ಹೇಳಿದ ಮಾತು ಅದು, ನನಗೆ ಅರ್ಥವಾಯಿತು. ಚಿಕ್ಕಪ್ಪ "ಹೂಂ, ಕರೆಂಟು" ಅಂದರು. ಕಥೆ ಹುಟ್ಟಿದ್ದು ಹಾಗೆ. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಬಿಡಿ" ಎಂದು ಚಿಕ್ಕಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕ್ಯಾಲೆಂಡರು ಮೊಳೆಗೆ ಬಡಿದ ಸದ್ದು ಕೇಳಿತು.

ಆ ಗಣೇಶನಿಗೆ ಗಾಯನದ ಜಾಗದಲ್ಲಿ ಯಾರೋ ಮಿಮಿಕ್ರಿ ಮಾಡಿದರು. ನಾಯಿ, ಬೆಕ್ಕು, ಕೆಟ್ಟುಹೋದ ಆಟೋ. ಮಕ್ಕಳು ಬಿದ್ದು ಬಿದ್ದು ನಕ್ಕವು. ಚಿಕ್ಕಮ್ಮ ಜಮಖಾನದ ಮುಂದಿನ ಸಾಲಿನಲ್ಲಿ, ಹಳೇ ಜಾಗದಲ್ಲೇ, ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಆಮೇಲೆ ಚಿಕ್ಕಪ್ಪ ಹರಾಜು ಕೂಗಿದರು. ಏನೋ ಬದಲಾಗಿದೆ ಎನಿಸಿತು, ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ದಲ್ಲಾಳಿ ಕೂಗಿದರೂ, ಹರಕೆ ಹೊತ್ತ ಹೆಂಗಸು ಕೂಗಿದರೂ, ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಅಳೆದು ಕತ್ತರಿಸಿದ ಹಾಗೆ, ಎಲ್ಲರಿಗೂ ಒಂದೇ ಅಳತೆ. ನೀರು ಕುಡಿಯಲಿಲ್ಲ, ಮುಖ ಒರೆಸಲಿಲ್ಲ, ಯಾರನ್ನೂ ಕೆಣಕಲಿಲ್ಲ. ಪಿಯುಸಿಯಲ್ಲಿ ನಾನು ಬೇಡಿದ್ದ ನ್ಯಾಯ ಅಕ್ಷರಶಃ ಸಿಕ್ಕಿತ್ತು. ಜನ ಬೇಗ ಬೇಗ ಮನೆಗೆ ಹೋದರು.

ಅವರು ಯಾಕೆ ಬಿಟ್ಟುಕೊಟ್ಟರು? ಈ ವಿಷಯದ ಮೇಲೆ ನಾನು ನನ್ನೊಡನೆಯೇ ಎಷ್ಟು ಸಲ ಚರ್ಚೆ ಮಾಡಿದ್ದೇನೋ. ಪರವಾಗಿ ನಿಂತರೆ ಹೇಳುತ್ತೇನೆ: ಅದು ಅವರ ಹುಟ್ಟುಗುಣ, ಬೇಕಾದವನ ಮೇಲೆ ಕೂಗಬಾರದು ಎಂದು ನಂಬಿದವರು, ಮುಖ ಕಾಣದಿದ್ದರೂ ಒಂದು ಮುಖ ಕಲ್ಪಿಸಿಕೊಂಡು ಅದಕ್ಕೆ ಮರುಗಿದರು. ವಿರೋಧವಾಗಿ ನಿಂತರೆ ಹೇಳುತ್ತೇನೆ: ಅವರಿಗೆ ಹೆದರಿಕೆಯಾಯಿತು. ಹ್ಯಾಟು ಬಂದಿದ್ದರೆ ಹಾಡಲೇಬೇಕಿತ್ತು. ಹ್ಯಾಟು ಬಂದೂ ದನಿ ಬರದಿದ್ದರೆ ದೂರಲು ಏನೂ ಉಳಿಯುತ್ತಿರಲಿಲ್ಲ. ಬರದ ಹ್ಯಾಟು ಅವರನ್ನು ಕಾಪಾಡಿತು. ಎರಡೂ ವಾದ ಗಟ್ಟಿ. ಎರಡಕ್ಕೂ ಒಂದೊಂದು ಸ್ಟೀಲ್ ಲೋಟ ಕೊಡಬಹುದು. ಆದರೆ ಪೆಂಡಾಲಿನ ಹರಾಜಿನಲ್ಲಿ ಶಾಮಣ್ಣನೆಂಬ ಮನುಷ್ಯ ಕೆಳಗೆ ಜನರ ಮಧ್ಯೆ ನಿಂತು, ತನ್ನ ಹ್ಯಾಟಿಗಾಗಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಕೂಗಿದ್ದರೆ, ಮೈಕು ಹಿಡಿದ ಚಿಕ್ಕಪ್ಪ ಆ ಮುಖವನ್ನು ಒಂದು ಸಲ ನೋಡಿ ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಿದ್ದರು. ಅಂಥವರು ಆ ಪರದೆಯಲ್ಲಿ ಯಾರೂ ಇರಲಿಲ್ಲ. ಅಂಥವರು ಇಲ್ಲದ್ದನ್ನೇ ನಾನು ದೊಡ್ಡ ಗುಣವೆಂದು ಹೊಗಳಿ ಅವರನ್ನು ಅಲ್ಲಿ ಕೂರಿಸಿದ್ದೆ.

ನಾಮಕರಣ ಮುಗಿಸಿ ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮನಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ಚಿಕ್ಕಪ್ಪ, ನಾನು ಅವರ ಹಿಂದಿನ ಸೀಟಿನಲ್ಲಿ. ಮೈಸೂರು ರಸ್ತೆಯ ಗದ್ದಲ, ಕಿಟಕಿಯ ಗಡಗಡ. ಆ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಇದ್ದದ್ದು ನನಗೆ ತಡವಾಗಿ ಗೊತ್ತಾಯಿತು. ಚಿಕ್ಕಪ್ಪ ಗುನುಗುತ್ತಿದ್ದರು. ಕೊನೆಯ ಹಾಡಿನ ಪಲ್ಲವಿ. ಚಿಕ್ಕಮ್ಮ ತಿರುಗಿ ನೋಡಲಿಲ್ಲ, ಸೆರಗನ್ನು ಮಾತ್ರ ಕಿವಿಯಿಂದ ಹಿಂದಕ್ಕೆ ಸರಿಸಿಕೊಂಡರು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು, ಇಂಜಿನ್ನು ತಣ್ಣಗಾಯಿತು. ತಮ್ಮ ದನಿ ತಮಗೇ ಕೇಳಿಸಿದ್ದರಿಂದಲೋ ಏನೋ, ಅವರು ಥಟ್ಟನೆ ನಿಲ್ಲಿಸಿ ನನ್ನ ಕಡೆ ನೋಡಿದರು, ಊಟದ ಎಲೆಯ ಮುಂದೆ ನೋಡಿದ್ದ ಹಾಗೆಯೇ.

ಆಗ ಕೇಳಿದೆ. ವಾದಕ್ಕಲ್ಲ, ಗೆಲ್ಲುವುದಕ್ಕಲ್ಲ.

"ಆ ಕಡೆಯೋನಿಗೆ ಬೇಕಾಗಿತ್ತು ಅಂದ್ರಿ, ಒಪ್ಕೊಂಡೆ. ನಿಮಗೆ ಬೇಕಾಗಿತ್ತಾ, ಚಿಕ್ಕಪ್ಪ?"